ಗೇಟಿಂದ ಮನೆವರೆಗೂ ಸಡಿಲ ಜಲ್ಲಿ, ಅದೂ ಇಳಿಜಾರು: ಕ್ಲಾಸಿಕ್ 350 ಹೇಗೆ ಓಡಿಸಲಿ?

ತಲಘಟ್ಟಪುರದವಳು:

ಎಲ್ಲರಿಗೂ ನಮಸ್ಕಾರ. ಕನಕಪುರ ರಸ್ತೆಯಲ್ಲಿ ತಲಘಟ್ಟಪುರದ ಒಳಗಡೆ ಬಾಡಿಗೆಗಿದ್ದೀವಿ. ಮನೆ ಸೈಟಿನ ಹಿಂಬದಿಗಿದೆ, ರಸ್ತೆಗಿಂತ ಎತ್ತರದಲ್ಲಿ. ಗೇಟಿಂದ ಪೋರ್ಟಿಕೋವರೆಗೆ ಸುಮಾರು ಅರವತ್ತು ಅಡಿ ದಾರಿ. ಮೊದಲು ಗಟ್ಟಿ ಕೆಮ್ಮಣ್ಣಿತ್ತು, ಮಳೆ ಬಂದರೆ ಕೆಸರಾಗುತ್ತೆ ಅಂತ ಓನರ್ ಈ ಬೇಸಿಗೆಯಲ್ಲಿ 20 ಎಂಎಂ ಜಲ್ಲಿ ಹೊಡೆಸಿ ಹಾಗೇ ಹರಡಿಸಿದ್ದಾರೆ. ರೋಲರ್ ಓಡಿಸಿಲ್ಲ. ಕಾಲಿಟ್ಟರೆ ಚಪ್ಪಲಿ ಮುಳುಗುವಷ್ಟು ದಪ್ಪ ಇದೆ. ಅವರ ಕಾರಿಗೆ ಏನೂ ತೊಂದರೆ ಇಲ್ಲ. ತೊಂದರೆ ಇರೋದು ನನ್ನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿಗೆ.

ಜಯನಗರದ ಒಂದು ಲ್ಯಾಬ್‌ನಲ್ಲಿ ಕೆಲಸ, ಬೆಳಗಿನ ಶಿಫ್ಟ್. ಇನ್ನೂ ಕತ್ತಲಿರುವಾಗ ಹೊರಡಬೇಕು. ಕಾಲೇಜಿಗೆ ಹೋಗೋ ಮಗಳನ್ನ ಹಿಂದೆ ಕೂರಿಸಿಕೊಂಡು ರೇಷ್ಮೆ ಸಂಸ್ಥೆ ಮೆಟ್ರೋ ಸ್ಟೇಷನ್‌ವರೆಗೆ ಬಿಟ್ಟು ಹೋಗ್ತೀನಿ. ಟಾರ್ ರೋಡಿನ ಮೇಲೆ ನನಗೆ ಯಾವ ಭಯವೂ ಇಲ್ಲ, ವರ್ಷಗಟ್ಟಲೆ ಗೇರ್ ಗಾಡಿ ಓಡಿಸಿದ್ದೀನಿ. ಆದರೆ ಈ ಅರವತ್ತು ಅಡಿ ಇಳಿಯುವಾಗ ಹ್ಯಾಂಡಲ್ ಕೈಯಲ್ಲೇ ಇದ್ದರೂ ಮುಂದಿನ ಚಕ್ರ ತನಗೆ ಬೇಕಾದ ಕಡೆ ಹೋಗುತ್ತೆ. ಗೇಟಿನ ಹತ್ತಿರ ನಿಲ್ಲಿಸೋಕೆ ಬ್ರೇಕ್ ಹಿಡಿದರೆ ಜಾರುತ್ತೆ. ಸಂಜೆ ವಾಪಸ್ ಬಂದು ಒಳಗೆ ತಿರುಗುವಾಗ ಹಿಂದಿನ ಚಕ್ರ ಗುಂಡಿ ತೋಡುತ್ತೆ. ನಿಲ್ಲಿಸಿದ ಮೇಲೂ ಸಮಾಧಾನ ಇಲ್ಲ, ಸೈಡ್ ಸ್ಟ್ಯಾಂಡ್ ಮೆಲ್ಲಗೆ ಜಲ್ಲಿಯೊಳಗೆ ಇಳೀತಾ ಹೋಗುತ್ತೆ.

ಟೈರ್ ಬದಲಾಯಿಸಲಾ? ಗಾಳಿ ಕಡಿಮೆ ಮಾಡಲಾ? ಎರಡೂ ಕಾಲು ಕೆಳಗೆ ಬಿಟ್ಟುಕೊಂಡು ಮೆಲ್ಲಗೆ ಹೋಗೋದು ಸರೀನಾ? ಮನೆಯಲ್ಲಿ ಎಲ್ಲರೂ "ಸ್ಕೂಟರ್ ತಗೋ" ಅಂತಿದ್ದಾರೆ. ಈ ಗಾಡಿ ನನ್ನ ದುಡಿಮೆಯಲ್ಲಿ ತಗೊಂಡಿದ್ದು, ಬಿಡೋ ಮನಸ್ಸಿಲ್ಲ. ಮಗಳು ಹಿಂದೆ ಕೂತಿರೋದರಿಂದ ಕೇಳ್ತಿದ್ದೀನಿ, ಗೊತ್ತಿದ್ದವರು ಬಿಡಿಸಿ ಹೇಳಿ.

ಬಿಟಿಎಂ ಸವಾರ:

ಮೇಡಂ, ದಪ್ಪ ದಪ್ಪ ಗುಬುಟಿರೋ ಬಟನ್ ಟೈರ್ ಹಾಕಿಸಿ, ಗಾಳಿ ಅರ್ಧಕ್ಕರ್ಧ ಇಳಿಸಿ. ಲಡಾಖ್ ಕಡೆ ಹೋಗೋ ಹುಡುಗರು ಹಾಗೇ ಮಾಡೋದು. ಜಲ್ಲಿ ಮೇಲೆ ಹಿಡಿತ ಸಿಗುತ್ತೆ.

ಹಳೇ ಗ್ಯಾರೇಜು:

ಟೈರ್ ಮಾತು ಆಮೇಲೆ ಆಡೋಣ. ಚಕ್ರದ ಕೆಳಗೆ ಏನಾಗ್ತಿದೆ ಅನ್ನೋದನ್ನ ಮೊದಲು ತಿಳ್ಕೊಳ್ಳಿ ಅಮ್ಮ, ಅರ್ಧ ಭಯ ಅಲ್ಲೇ ಇಳಿಯುತ್ತೆ. ನಾನು ರಾಜಾಜಿನಗರದಲ್ಲಿ ಗ್ಯಾರೇಜ್ ಇಟ್ಟಿದ್ದವನು, ಈಗ ಮಾಗಡಿ ರಸ್ತೆಯಲ್ಲಿ ತಾವರೆಕೆರೆಯಿಂದ ಆಚೆ ಇದ್ದೀನಿ. ನಮ್ಮ ತೋಟದ ದಾರಿಯೂ ಜಲ್ಲಿಯದೇ, ದಿನಾ ಅದರ ಮೇಲೇ ಓಡಾಟ.

ಟಾರ್ ರಸ್ತೆಯಲ್ಲಿ ಟೈರ್ ನೆಲವನ್ನ ಹಿಡಿಯುತ್ತೆ, ನೆಲ ಎಲ್ಲೂ ಹೋಗಲ್ಲ. ಸಡಿಲ ಜಲ್ಲಿಯಲ್ಲೂ ಟೈರ್ ಮೇಲಿನ ಕಲ್ಲನ್ನ ಚೆನ್ನಾಗೇ ಹಿಡಿದಿರುತ್ತೆ. ಆದರೆ ಆ ಕಲ್ಲು ತನ್ನ ಕೆಳಗಿನ ಕಲ್ಲನ್ನ ಹಿಡಿದಿರಲ್ಲ. ಜಾರೋದು ಕಲ್ಲಿಗೂ ಕಲ್ಲಿಗೂ ನಡುವೆ. ಅದಕ್ಕೇ ಎಂಥ ದುಬಾರಿ ಟೈರ್ ಹಾಕಿದರೂ ದಪ್ಪ ಜಲ್ಲಿ ಮೇಲೆ ಅಷ್ಟೇನೂ ವ್ಯತ್ಯಾಸ ಕಾಣಲ್ಲ. ಬಟನ್ ಟೈರ್ ಕೆಸರಿಗೆ, ಮೆದು ಮಣ್ಣಿಗೆ ಒಳ್ಳೇದು. ನಿಮ್ಮ ದಿನದ ಓಡಾಟ ಪೂರ್ತಿ ಟಾರ್ ಮೇಲೆ, ಮಳೆಗಾಲದಲ್ಲಿ ಒದ್ದೆ ಟಾರ್ ಮೇಲೆ ಅದರ ಹಿಡಿತ ಕಡಿಮೆ. ಗಾಳಿಯಂತೂ ಇಳಿಸಲೇಬೇಡಿ. ಸ್ಪೋಕ್ ಚಕ್ರದ ಕ್ಲಾಸಿಕ್‌ನಲ್ಲಿ ಒಳಗೆ ಟ್ಯೂಬ್ ಇರುತ್ತೆ. ಗಾಳಿ ಕಡಿಮೆ ಇದ್ದಾಗ ಕನಕಪುರ ರಸ್ತೆಯ ಯಾವುದಾದರೂ ಗುಂಡಿಗೆ ಬಿದ್ದರೆ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಟ್ಯೂಬ್ ಸಿಕ್ಕಿ ಹರಿಯುತ್ತೆ. ಅರವತ್ತು ಅಡಿಗೋಸ್ಕರ ಇಡೀ ದಿನದ ಓಡಾಟವನ್ನ ಅಪಾಯಕ್ಕೆ ಒಡ್ಡೋದು ಬೇಡ. ಬುಕ್‌ಲೆಟ್‌ನಲ್ಲಿ ಕಂಪನಿ ಹೇಳಿದಷ್ಟು ಗಾಳಿ ಇರಲಿ.

ಈಗ ಮುಂದಿನ ಚಕ್ರಕ್ಕೆ ಬರೋಣ. ಅದು ಅಲ್ಲಾಡುತ್ತೆ, ಅಲ್ಲಾಡಲಿ ಬಿಡಿ. ಮುಂದಿನ ಚಕ್ರ ಹಿಡಿದಿರೋ ಫೋರ್ಕನ್ನ ಓರೆಯಾಗಿ ಕೂರಿಸಿರೋ ಲೆಕ್ಕವೇ ಹಾಗಿದೆ. ಹ್ಯಾಂಡಲ್ ಯಾವ ಗೆರೆಯ ಸುತ್ತ ತಿರುಗುತ್ತೋ ಆ ಗೆರೆಯನ್ನ ನೆಲದವರೆಗೆ ಎಳೆದರೆ, ಟೈರ್ ನೆಲ ಮುಟ್ಟೋ ಜಾಗ ಅದಕ್ಕಿಂತ ಹಿಂದಿರುತ್ತೆ. ಹಾಗಾಗಿ ಗಾಡಿ ಮುಂದಕ್ಕೆ ಹೋಗ್ತಿರೋವರೆಗೂ ಚಕ್ರ ತಾನಾಗೇ ನೇರಕ್ಕೆ ಬರೋಕೆ ನೋಡುತ್ತೆ. ನೀವು ಹ್ಯಾಂಡಲ್ ಬಿಗಿ ಹಿಡಿದರೆ ಚಕ್ರ ಮಾಡಬೇಕಾದ ಆ ಸಣ್ಣ ತಿದ್ದುಪಡಿಯನ್ನ ನೀವೇ ತಡೆದ ಹಾಗೆ. ಮೊಣಕೈ ಸಡಿಲ ಬಿಡಿ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಮೈಭಾರ ಕೈಯಿಂದ ಇಳಿದು ಕಾಲಿಗೆ ಹೋಗುತ್ತೆ. ನೋಟ ಗೇಟಿನ ಕಡೆಗಿರಲಿ. ಮುಂದಿನ ಚಕ್ರದ ಕೆಳಗಿನ ಕಲ್ಲನ್ನೇ ನೋಡ್ತಾ ಹೋದರೆ ಗಾಡಿಯೂ ಅಲ್ಲೇ ತೊನೆಯುತ್ತೆ.

ಉಳಿದಿದ್ದೆಲ್ಲ ಮರೆತರೂ ಇದೊಂದನ್ನ ಮರೀಬೇಡಿ. ಜಲ್ಲಿ ಮೇಲೆ ಮುಂದಿನ ಚಕ್ರಕ್ಕೆ ಒಂದು ಹೊತ್ತಿಗೆ ಒಂದೇ ಕೆಲಸ. ತಿರುಗಿಸ್ತಿದ್ದರೆ ಮುಂದಿನ ಬ್ರೇಕ್ ಮುಟ್ಟಬಾರದು. ಬ್ರೇಕ್ ಬೇಕೇ ಬೇಕು ಅಂದರೆ ಮೊದಲು ಹ್ಯಾಂಡಲ್ ನೇರ ಆಗಬೇಕು. ಹ್ಯಾಂಡಲ್ ಓರೆ ಇರುವಾಗ ಮುಂದಿನ ಬ್ರೇಕ್ ಹಿಡಿದರೆ ಚಕ್ರ ಕಲ್ಲಿನ ಗುಡ್ಡೆಯನ್ನ ಅಡ್ಡ ತಳ್ಳಿಕೊಂಡು ಹೋಗುತ್ತೆ, ಗಾಡಿ ಮಲಗುತ್ತೆ. ಹಿಂದಿನ ಚಕ್ರ ಜಾರಿದರೆ ಸರಿಪಡಿಸಿಕೊಳ್ಳೋಕೆ ಸಮಯ ಸಿಗುತ್ತೆ, ಮುಂದಿನದು ಜಾರಿದರೆ ಸಿಗಲ್ಲ.

ಇಳಿಯೋದು ಹೇಗೆ ಅಂದರೆ, ಪೋರ್ಟಿಕೋದ ಸಿಮೆಂಟ್ ಮೇಲಿರುವಾಗಲೇ ಫಸ್ಟ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು ಜಲ್ಲಿಗಿಳಿಯಿರಿ. ರೇಸ್ ಕೊಡಬೇಡಿ. ಈ ಎಂಜಿನ್ ಕೆಳಗಿನ ಆರ್‌ಪಿಎಂನಲ್ಲೇ ಚೆನ್ನಾಗಿ ಎಳೆಯೋ ಜಾತಿ, ಐಡಲ್‌ನಲ್ಲೇ ಗಾಡಿಯನ್ನ ಹಿಡಿದು ಇಳಿಸುತ್ತೆ. ಅರ್ಧ ದಾರಿಯಲ್ಲಿ ಕ್ಲಚ್ ಹಿಡಿಯೋದು ಬೇಡ. 195 ಕೆಜಿ ಗಾಡಿ, ಮೇಲೆ ನೀವು. ಕ್ಲಚ್ ಒತ್ತಿದ ಕೂಡಲೇ ಎಂಜಿನ್ ಹಿಡಿತ ತಪ್ಪಿ ಗಾಡಿ ಸುಮ್ಮನೆ ಉರುಳುತ್ತೆ, ಆಗ ಕೈ ತಾನಾಗೇ ಮುಂದಿನ ಬ್ರೇಕಿಗೆ ಹೋಗುತ್ತೆ. ಇನ್ನೂ ನಿಧಾನ ಬೇಕಾದರೆ ಬಲಗಾಲಿನಿಂದ ಹಿಂದಿನ ಬ್ರೇಕ್, ಅದೂ ಪೆಡಲ್ ಮೇಲೆ ಪಾದದ ಭಾರ ಇಟ್ಟಷ್ಟು ಸಾಕು.

ಎರಡೂ ಕಾಲು ಕೆಳಗೆ ಬಿಡೋದು ಬೇಡ ಅನ್ನೋದಕ್ಕೆ ಕಾರಣವೂ ಇಲ್ಲೇ ಇದೆ. ಬಲಗಾಲು ಕೆಳಗಿಳಿದರೆ ಹಿಂದಿನ ಬ್ರೇಕ್ ಹೋಯ್ತು, ಕೈಯಲ್ಲಿ ಉಳಿಯೋದು ಮುಂದಿನದು ಮಾತ್ರ. ಬೇಡ ಅಂದಿದ್ದು ಅದನ್ನೇ ತಾನೇ. ಜೊತೆಗೆ ಜಲ್ಲಿ ಮೇಲೆ ಕಾಲು ಊರಿದರೆ ಕಾಲೂ ಜಾರುತ್ತೆ. ತೀರಾ ನಿಧಾನ ಹೋದರೂ ಕಷ್ಟ, ನಡಿಗೆಗಿಂತ ಕಡಿಮೆ ವೇಗದಲ್ಲಿ ಎರಡು ಚಕ್ರದ ಗಾಡಿಗೆ ಸಮತೋಲ ಸಿಗಲ್ಲ. ಚುರುಕಾಗಿ ನಡೆಯೋ ಮನುಷ್ಯನಿಗಿಂತ ಒಂದಿಷ್ಟು ಜಾಸ್ತಿ ವೇಗ ಇರಲಿ.

ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ಎಬಿಎಸ್ ಇದೆಯಲ್ಲ ಅಂತ ಧೈರ್ಯ ಮಾಡಬೇಡಿ. ನಡಿಗೆಯ ವೇಗಕ್ಕೆ ಇಳಿದ ಮೇಲೆ ಅದು ಕೆಲಸ ಮಾಡಲ್ಲ. ವೇಗ ಇದ್ದಾಗಲೂ ಸಡಿಲ ಕಲ್ಲಿನ ಮೇಲೆ ಅದು ಬ್ರೇಕನ್ನ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡೋದರಿಂದ ಗಾಡಿ ನಿಲ್ಲೋಕೆ ಇನ್ನೂ ದೂರ ಬೇಕಾಗುತ್ತೆ.

ಸಂಜೆ ಒಳಗೆ ಬರುವಾಗ ತಿರುವನ್ನ ಟಾರ್ ಮೇಲೇ ಮುಗಿಸಿ. ಹಿಂದೆ ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಇಂಡಿಕೇಟರ್ ಹಾಕಿ, ರಸ್ತೆಯಲ್ಲೇ ಅಗಲಕ್ಕೆ ತಗೊಂಡು ಗೇಟಿಗೆ ನೇರ ಮುಖ ಮಾಡಿ. ಆಮೇಲೆ ಜಲ್ಲಿಗೆ ಹತ್ತಿ. ನಿಮ್ಮ ಹಿಂದಿನ ಚಕ್ರ ಗುಂಡಿ ತೋಡೋದು ಗಾಡಿ ವಾಲಿರುವಾಗ ರೇಸ್ ಕೊಡ್ತಿರೋದಕ್ಕೆ ಇರಬೇಕು. ನೇರ ಹತ್ತಿಸಿ, ಒಂದೇ ಸಮ ರೇಸ್ ಇರಲಿ. ಚಕ್ರ ಸುತ್ತೋಕೆ ಶುರು ಮಾಡಿದರೆ ರೇಸ್ ಇಳಿಸಿ. ಅಲ್ಲಿ ಏರಿಸಿದಷ್ಟೂ ಗುಂಡಿ ಆಳವಾಗುತ್ತೆ. ಹೂತೇ ಹೋದರೆ ಇಳಿದು, ಗುಂಡಿಗೆ ಜಲ್ಲಿ ಎಳೆದು, ಎಂಜಿನ್ ಸಹಾಯದಲ್ಲಿ ಪಕ್ಕದಲ್ಲಿ ನಡೆದುಕೊಂಡು ಮೇಲೆ ತಗೊಂಡು ಹೋಗಿ.

ಮಗಳ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಆ ದಾರಿ ಸರಿಯಾಗೋವರೆಗೂ ಅವಳು ಗೇಟಿನವರೆಗೆ ನಡೆದು ಬರಲಿ, ಅಲ್ಲಿ ಹತ್ತಲಿ. ಹಿಂದೆ ಭಾರ ಕೂತಷ್ಟೂ ಮುಂದಿನ ಚಕ್ರ ಹಗುರ ಆಗುತ್ತೆ. ಅವಳು ಭಯದಲ್ಲಿ ಒಂದು ಕಡೆ ವಾಲಿದರೆ ನಿಮಗೆ ತಡೆಯೋಕೆ ಆಗಲ್ಲ.

ಸ್ಟ್ಯಾಂಡಿಗೆ ಮನೆ ಕೆಲಸದಲ್ಲಿ ಉಳಿದ ಗ್ರಾನೈಟ್ ತುಂಡು, ಒಂದು ಅಂಗೈಗಿಂತ ದೊಡ್ಡದು, ಒಂದೇ ಜಾಗದಲ್ಲಿ ಖಾಯಂ ಹೂತಿಡಿ. ತೆಳು ಕಡಪ ಕಲ್ಲು ಬೇಡ, ಕೆಳಗೆ ಜಲ್ಲಿ ಏರುಪೇರು ಇದ್ದರೆ ಒಡೆಯುತ್ತೆ. ಗಾಡಿ ಮುಖ ಏರಿನ ಕಡೆಗಿರಲಿ, ಫಸ್ಟ್ ಗೇರಿನಲ್ಲಿ ಬಿಡಿ. ಇಳಿಜಾರಿನ ಕಡೆ ಮುಖ ಮಾಡಿ ನಿಲ್ಲಿಸಿದರೆ ಗಾಡಿ ಒಂದಿಷ್ಟು ಮುಂದೆ ಸರಿದರೂ ಸ್ಟ್ಯಾಂಡ್ ಮಡಿಚಿಕೊಳ್ಳುತ್ತೆ.

ಹಿಮಾಲಯನ್ ಅಣ್ಣ:

ಗ್ಯಾರೇಜ್ ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಎದ್ದು ನಿಂತು ಓಡಿಸಿ ಮೇಡಂ. ಸಾವನದುರ್ಗದ ಸುತ್ತಮುತ್ತ ಹಳ್ಳಿ ದಾರಿಗಳಲ್ಲಿ ನಾವೆಲ್ಲ ಹಾಗೇ ಹೋಗೋದು. ಫುಟ್‌ರೆಸ್ಟ್ ಮೇಲೆ ನಿಂತರೆ ಗಾಡಿ ಕೆಳಗೆ ಎಷ್ಟು ಅಲ್ಲಾಡಿದರೂ ನಿಮ್ಮ ಮೈ ಅಲ್ಲಾಡಲ್ಲ. ನನ್ನ ಹಿಮಾಲಯನ್ ಬೈಕಿನಲ್ಲಿ ಹಿಂದಿನ ಎಬಿಎಸ್ ಆಫ್ ಮಾಡೋ ಸ್ವಿಚ್ ಇದೆ, ಜಲ್ಲಿ ಮೇಲೆ ಅದು ತುಂಬಾ ಉಪಯೋಗಕ್ಕೆ ಬರುತ್ತೆ.

ಹಳೇ ಗ್ಯಾರೇಜು:

ತಮ್ಮಾ, ಉದ್ದ ದಾರಿಗೆ ನೀನು ಹೇಳಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿನ್ನ ಗಾಡಿಗೆ 21 ಇಂಚಿನ ಮುಂದಿನ ಚಕ್ರ, ನಿಂತರೆ ಕೈಗೆ ಸಿಗೋ ಎತ್ತರದ ಹ್ಯಾಂಡಲ್. ಕ್ಲಾಸಿಕ್‌ದು 19 ಇಂಚು, ಹ್ಯಾಂಡಲ್ ಕೂತವರಿಗೆ ಹೊಂದೋ ಎತ್ತರ. ನಿಂತರೆ ಬಗ್ಗಬೇಕು, ಬಗ್ಗಿದರೆ ಭಾರ ಪೂರ್ತಿ ಕೈ ಮೇಲೆ ಬರುತ್ತೆ. ಅದಕ್ಕೂ ಮುಖ್ಯ, ಅವರ ಅರವತ್ತು ಅಡಿಯ ಕೊನೆಯಲ್ಲಿ ಗೇಟಿದೆ, ಅಲ್ಲಿ ನಿಂತು ರಸ್ತೆ ನೋಡಬೇಕು. ಎದ್ದು ನಿಂತವರು ಕೂತು ಕಾಲೂರೋ ಹೊತ್ತಿಗೆ ಗೇಟು ಬಂದಿರುತ್ತೆ. ಕೂತೇ ಓಡಿಸಲಿ, ಸೀಟಿನಿಂದ ಒಂದಿಷ್ಟು ಭಾರ ತೆಗೆದು ಫುಟ್‌ರೆಸ್ಟ್ ಮೇಲೆ ಹಾಕಿದರೆ ಸಾಕು.

ತಲಘಟ್ಟಪುರದವಳು:

ಅಣ್ಣ, ಇಷ್ಟು ವಿವರವಾಗಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಬಲಗಾಲಿನ ಮಾತು ನನಗೆ ಹೊಳೆದೇ ಇರಲಿಲ್ಲ, ಎಲ್ಲರೂ ಕಾಲು ಕೆಳಗಿಡು ಅಂತಲೇ ಹೇಳ್ತಿದ್ದರು. ಇನ್ನೂ ಎರಡು ಕೇಳ್ತೀನಿ.

ಒಂದು, ಗೇಟಿನ ಹತ್ತಿರ ನಿಲ್ಲಲೇಬೇಕು. ಕಾಂಪೌಂಡ್ ಎತ್ತರ ಇದೆ, ರಸ್ತೆಯಲ್ಲಿ ನೀರಿನ ಟ್ಯಾಂಕರ್‌ಗಳ ಓಡಾಟ ಜಾಸ್ತಿ. ಆದರೆ ಜಲ್ಲಿ ಗೇಟಿನ ಗೆರೆವರೆಗೂ ಇದೆ. ಎಲ್ಲಿ ನಿಲ್ಲಿಸಲಿ?

ಇನ್ನೊಂದು, ನಮ್ಮೆಜಮಾನರ ಆಕ್ಟಿವಾ. ಅವರು ಸ್ಕೂಟರ್ ಸಲೀಸು ಅಂತಾರೆ, ಆದರೆ ಅದೂ ಇಲ್ಲಿ ಜಾರ್ತಿದೆ. ಹಿಂದಿನ ಬ್ರೇಕ್ ಮಾತ್ರ ಹಿಡಿದೆ ಅಂತಾರೆ, ಆದರೂ ಮುಂದಿನ ಚಕ್ರ ಜಾರ್ತು. ಅದು ಹೇಗೆ?

ಇದಲ್ಲದೆ ಓನರ್ ಹತ್ತಿರ ಮಾತಾಡಿದೆ. ಅವರು ಜಲ್ಲಿ ತೆಗೆಸಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಒಣಗಿ ಟ್ಯಾಂಕರ್‌ಗೆ ಕಾದಿದ್ದು ಅವರಿಗೆ ಮರೆತಿಲ್ಲ. ಮಳೆ ನೀರು ರಸ್ತೆಗೆ ಹರಿಯದೆ ಅಲ್ಲೇ ಇಂಗಲಿ ಅನ್ನೋದು ಅವರ ಆಸೆ. ಆ ಮಾತು ನನಗೂ ಒಪ್ಪಿಗೆಯೇ. ಕಾಂಕ್ರೀಟ್ ಹಾಕಿ ಅಂತ ಕೇಳೋಕೆ ನನಗೇ ಮನಸ್ಸು ಬರ್ತಿಲ್ಲ.

ಹಳೇ ಗ್ಯಾರೇಜು:

ಆಕ್ಟಿವಾದು ಮೊದಲು ಹೇಳ್ತೀನಿ, ಇದು ಎಲ್ಲ ಸ್ಕೂಟರ್‌ನವರೂ ತಿಳ್ಕೋಬೇಕಾದ್ದು. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಗಾಡಿಗಳಿಗೆ ಕಾಂಬಿ ಬ್ರೇಕ್, ಅದಕ್ಕಿಂತ ದೊಡ್ಡ ಎಂಜಿನ್ನಿಗೆ ಎಬಿಎಸ್ ಕಡ್ಡಾಯ ಆಯ್ತು. ಕಾಂಬಿ ಬ್ರೇಕ್ ಅಂದರೆ ಎಡಗೈ ಲಿವರ್ ಹಿಡಿದರೂ ಹಿಂದಿನದರ ಜೊತೆ ಮುಂದಿನ ಬ್ರೇಕೂ ಒಂದಿಷ್ಟು ಹಿಡಿಯುತ್ತೆ. ಟಾರ್ ಮೇಲೆ ಇದು ತುಂಬಾ ಜನರ ಜೀವ ಕಾಯೋ ವ್ಯವಸ್ಥೆ. ಜಲ್ಲಿ ಮೇಲೆ ಹ್ಯಾಂಡಲ್ ತಿರುಗಿಸಿಕೊಂಡು ಅದನ್ನ ಹಿಡಿದರೆ ನಿಮ್ಮ ಯಜಮಾನರಿಗೆ ಆದ ಹಾಗೇ ಆಗುತ್ತೆ. ಅವರು ಸುಳ್ಳು ಹೇಳ್ತಿಲ್ಲ, ಹಿಂದಿನ ಲಿವರ್ರೇ ಹಿಡಿದಿದ್ದಾರೆ.

ಇನ್ನೊಂದು ತೊಂದರೆಯೂ ಇದೆ. ಸ್ಕೂಟರಿನ ಕ್ಲಚ್ ಎಂಜಿನ್ ವೇಗದ ಮೇಲೆ ತಾನಾಗೇ ಹಿಡಿಯೋದು, ಬಿಡೋದು. ರೇಸ್ ಬಿಟ್ಟು ವೇಗ ಇಳಿದ ಕೂಡಲೇ ಕ್ಲಚ್ ಬಿಟ್ಟುಹೋಗುತ್ತೆ, ಇಳಿಜಾರಿನಲ್ಲಿ ಎಂಜಿನ್ ಹಿಡಿತ ಸಿಗೋದೇ ಇಲ್ಲ. ಪೂರ್ತಿ ಬ್ರೇಕ್ ಮೇಲೇ ಇಳಿಯಬೇಕು. ಚಕ್ರವೂ ಚಿಕ್ಕದು, ಈಚಿನ ಆಕ್ಟಿವಾದಲ್ಲಿ ಮುಂದೆ 12 ಇಂಚು, ಹಿಂದೆ 10. ಚಿಕ್ಕ ಚಕ್ರ ಜಲ್ಲಿಯಲ್ಲಿ ಬೇಗ ಹೂಳುತ್ತೆ. ಅದಕ್ಕೇ ನಿಮ್ಮ ಆ ಇಳಿಜಾರಿಗೆ ಸ್ಕೂಟರಿಗಿಂತ ಗೇರ್ ಗಾಡಿಯೇ ವಾಸಿ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಮಾರಬೇಡಿ. ಯಜಮಾನರಿಗೆ ಹೇಳಿ, ಮೇಲಿಂದಲೇ ಎಡ ಲಿವರ್ ಹಗುರಾಗಿ ಹಿಡಿದುಕೊಂಡೇ ನೇರ ಇಳಿಯಲಿ, ಕೊನೆಯಲ್ಲಿ ಒಮ್ಮೆಲೇ ಹಿಡಿಯೋದು ಬೇಡ.

ಗೇಟಿನ ಹತ್ತಿರ ಸದ್ಯಕ್ಕೆ ಹೀಗೆ ಮಾಡಿ. ಗೇಟಿಗೆ ಎರಡು ಮೂರು ಗಾಡಿ ಉದ್ದ ಇರುವಾಗಲೇ ಹಿಂದಿನ ಬ್ರೇಕ್ ಮೆಲ್ಲಗೆ ಶುರು ಮಾಡಿ, ಹ್ಯಾಂಡಲ್ ನೇರ ಇಟ್ಟೇ ನಿಲ್ಲಿ. ಗಾಡಿ ನಿಲ್ಲೋ ಕ್ಷಣಕ್ಕೆ ಕ್ಲಚ್ ಹಿಡಿದು, ಎಡಗಾಲು ಪೂರ್ತಿ ಪಾದ ಊರಿ, ಬಲಗಾಲು ಬ್ರೇಕ್ ಮೇಲೇ ಇರಲಿ. ನಿಂತ ಮೇಲೆ ಮಗಳು ಗೇಟಿನಾಚೆ ನಿಂತು ರಸ್ತೆ ಖಾಲಿ ಅಂದ ಮೇಲೆ ಹೊರಡಿ. ಅವಳು ಹೇಗಿದ್ದರೂ ನಡೆದು ಬಂದಿರ್ತಾಳಲ್ಲ. ಹೊರಗೆ ಹೋಗುವಾಗಲೂ ಜಲ್ಲಿ ಮೇಲೆ ತಿರುಗಿಸಬೇಡಿ, ಎರಡೂ ಚಕ್ರ ಟಾರ್ ಮುಟ್ಟಲಿ, ಆಮೇಲೆ ತಿರುಗಿ.

ಅಕಸ್ಮಾತ್ ಗಾಡಿ ವಾಲಿ ಕೈಮೀರಿತು ಅಂದರೆ ಕಾಲು ಕೊಟ್ಟು ತಡೆಯೋಕೆ ಹೋಗಬೇಡಿ, ಬಿಟ್ಟುಬಿಡಿ. ಗಾಡಿಗೆ ಕ್ರ್ಯಾಶ್ ಗಾರ್ಡ್ ಇದೆ, ನಿಮ್ಮ ಕಣಕಾಲಿಗೆ ಇಲ್ಲ. ಬಿದ್ದ ಮೇಲೆ ಮೊದಲು ಕಿಲ್ ಸ್ವಿಚ್ ಒತ್ತಿ ಕೀ ಆಫ್ ಮಾಡಿ. ಬಲಕ್ಕೆ ಬಿದ್ದಿದ್ದರೆ ಎತ್ತೋ ಮೊದಲು ಸೈಡ್ ಸ್ಟ್ಯಾಂಡ್ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಎತ್ತಿದ ರಭಸಕ್ಕೆ ಆ ಕಡೆ ಹೋಗಿ ಬೀಳುತ್ತೆ. ಗಾಡಿಗೆ ಬೆನ್ನು ಮಾಡಿ, ಸೀಟಿಗೆ ಸೊಂಟ ಆನಿಸಿ, ಒಂದು ಕೈಯಲ್ಲಿ ಹ್ಯಾಂಡಲ್ ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು, ಕಾಲಿನ ಬಲದಲ್ಲಿ ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಹಾಕ್ತಾ ಎತ್ತಬೇಕು. ಬೆನ್ನು ಬಗ್ಗಿಸಿ ಎತ್ತಬಾರದು. ಜಲ್ಲಿ ಮೇಲೆ ಕಾಲು ಜಾರೋದರಿಂದ ಒಬ್ಬರೇ ಎತ್ತೋಕೆ ಹೋಗದೆ ಯಾರನ್ನಾದರೂ ಕೂಗಿ. ಚಪ್ಪಲಿಯಲ್ಲಿ ಓಡಿಸೋದನ್ನ ಇವತ್ತೇ ನಿಲ್ಲಿಸಿ, ಕಣಕಾಲು ಮುಚ್ಚೋ ಶೂ ಹಾಕಿ.

ದಾರಿ ಸರಿಮಾಡಿಸೋದನ್ನ ಮೇಸ್ತ್ರಿ ಕೆಲಸ ಗೊತ್ತಿರೋರು ಹೇಳಲಿ.

ಚಪ್ಪಡಿ ಮೇಸ್ತ್ರಿ:

ಮೇಡಂ, ನಮ್ಮದು ದೇವನಹಳ್ಳಿ ಕಡೆ. ಲೇಔಟ್ ರಸ್ತೆ, ಕಾಂಪೌಂಡ್, ನೆಲಹಾಸು ಕೆಲಸ ಮಾಡಿಸ್ತೀನಿ.

ನಿಮ್ಮ ಓನರ್ ಹಾಕಿಸಿದ ಕಲ್ಲಿನಲ್ಲಿ ತಪ್ಪಿಲ್ಲ. ಬೆಂಗಳೂರಿನಲ್ಲಿ ಸಿಗೋ ಜಲ್ಲಿ ಕ್ರಷರ್‌ನಲ್ಲಿ ಒಡೆದಿದ್ದು, ಮೂಲೆ ಚೂಪಾಗಿರುತ್ತೆ, ಒತ್ತಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತೆ. ಹೊಳೆಯ ಗುಂಡುಗಲ್ಲು ಹಾಕಿಸಿದ್ದರೆ ಗೋಲಿ ಮೇಲೆ ಓಡಿಸಿದ ಹಾಗೇ, ಏನು ಮಾಡಿದರೂ ಗಟ್ಟಿಯಾಗ್ತಿರಲಿಲ್ಲ. ಸಮಸ್ಯೆ ಏನಂದರೆ ಎಲ್ಲ ಒಂದೇ ಸೈಜು. 20 ಎಂಎಂ ಮಾತ್ರ ಇದ್ದರೆ ನಡುವೆ ಸಂದು ತುಂಬಾ, ಕಲ್ಲು ಕದಲೋಕೆ ಜಾಗ. ಸಂದಿಗೆ 12 ಎಂಎಂ ಬೇಬಿ ಜಲ್ಲಿ, ಅದರ ಸಂದಿಗೆ ಕ್ರಷರ್ ಪುಡಿ ತುಂಬಿ, ನೀರು ಹೊಡೆದು, ದಮ್ಮಸ್ ಮಾಡಿದರೆ, ಅಂದರೆ ಬಡಿದು ಒತ್ತಿದರೆ, ಗಟ್ಟಿ ಕೂರುತ್ತೆ. ಸ್ಕಾಟ್ಲೆಂಡ್‌ನ ಮೆಕ್ಯಾಡಂ ಅನ್ನೋರು ಸುಮಾರು 200 ವರ್ಷದ ಹಿಂದೆ ಒಡೆದ ಕಲ್ಲನ್ನೇ ಒತ್ತಿ ರಸ್ತೆ ಮಾಡೋ ದಾರಿ ತೋರಿಸಿದರು. ಸಂದಿಗೆ ಪುಡಿ ತುಂಬಿ ನೀರು ಹೊಡೆದು ರೋಲರ್ ಓಡಿಸೋದು ಆಮೇಲೆ ಬಂತು. ನಮ್ಮ ಪಿಡಬ್ಲ್ಯುಡಿ ಕೆಲಸದಲ್ಲಿ ಇವತ್ತಿಗೂ ಡಬ್ಲ್ಯುಬಿಎಂ ಅನ್ನೋದು ಅವರ ಹೆಸರಿಟ್ಟೇ, ವಾಟರ್ ಬೌಂಡ್ ಮೆಕ್ಯಾಡಂ.

ಆದರೆ ಪುಡಿ ತುಂಬಿ ಒತ್ತಿದಷ್ಟೂ ನೀರು ಇಂಗೋದು ಕಡಿಮೆ ಆಗುತ್ತೆ. ನಿಮ್ಮ ಓನರ್ ಆಸೆ ಒಳ್ಳೇದು, ಅದನ್ನ ಕೆಡಿಸೋದು ಬೇಡ. ಪೂರ್ತಿ ದಾರಿಯನ್ನ ಗಟ್ಟಿ ಮಾಡೋ ಅಗತ್ಯವೇ ಇಲ್ಲ. ಬೈಕಿಗೆ ಬೇಕಾಗಿರೋದು ಎರಡಡಿ ಅಗಲದ ಒಂದು ಪಟ್ಟಿ. ಗೇಟಿಂದ ಪೋರ್ಟಿಕೋವರೆಗೆ ನೇರ ಒಂದು ಸಾಲು ಚಪ್ಪಡಿ ಹಾಕಿಸಿ. ಹಿಂದೆ ನಮ್ಮೂರಿನ ಫುಟ್‌ಪಾತ್‌ಗೆ, ಮೋರಿ ಮುಚ್ಚೋಕೆ ಹಾಕ್ತಿದ್ದ ಅದೇ ಬೂದು ಕಲ್ಲು. ನಮ್ಮ ಸಾದಹಳ್ಳಿ ಕಲ್ಲು ಅಂತ ಕೇಳಿದರೆ ಎಲ್ಲ ಕಲ್ಲಿನ ಯಾರ್ಡ್‌ನವರಿಗೂ ಗೊತ್ತು. ಮೂರು ಇಂಚು ದಪ್ಪ ಇರಲಿ, ಕಾರಿನ ಚಕ್ರ ಹತ್ತಿದರೂ ಬಿರುಕು ಬಿಡಬಾರದು.

ಕೂರಿಸೋ ಕ್ರಮ ಹೀಗೆ. ಪಟ್ಟಿಯ ಜಾಗದಲ್ಲಿ ಜಲ್ಲಿ ಎಳೆದು ಪಕ್ಕಕ್ಕೆ ಹಾಕಿ ಗಟ್ಟಿ ಮಣ್ಣಿನವರೆಗೆ ಹೋಗಬೇಕು. ಆ ಮಣ್ಣನ್ನ ದಮ್ಮಸ್ ಮಾಡಿ, ಮೇಲೆ ಕ್ರಷರ್ ಪುಡಿ ಹಾಸಿ, ಅದರ ಮೇಲೆ ಚಪ್ಪಡಿ. ಕೆಳಗೆ ಟೊಳ್ಳು ಇರಬಾರದು, ಹಾರೆಯ ಹಿಡಿಯಿಂದ ತಟ್ಟಿ ನೋಡಿದರೆ ಸದ್ದಿನಲ್ಲೇ ಗೊತ್ತಾಗುತ್ತೆ. ಚಪ್ಪಡಿಯ ಮೇಲ್ಮೈ ಜಲ್ಲಿಗಿಂತ ಒಂದು ಕೂದಲು ಮೇಲಿರಲಿ. ಕೆಳಗಿದ್ದರೆ ಜಲ್ಲಿ ಉರುಳಿ ಮೇಲೆ ಬರುತ್ತೆ, ತುಂಬಾ ಮೇಲಿದ್ದರೆ ಚಕ್ರ ಅಂಚಿನಿಂದ ಇಳಿದಾಗ ಗಾಡಿ ಎಳೆಯುತ್ತೆ. ಚಪ್ಪಡಿಗೂ ಚಪ್ಪಡಿಗೂ ನಡುವೆ ಅರ್ಧ ಇಂಚು ಸಂದು ಬಿಟ್ಟು ಪುಡಿ ತುಂಬಿ, ಅಲ್ಲೂ ನೀರು ಇಳಿಯುತ್ತೆ.

ಕಲ್ಲು ಒರಟಾಗಿರಬೇಕು. ಸೀಳಿದ ಕಲ್ಲು ಅಥವಾ ಉಳಿ ಹೊಡೆದಿದ್ದು ಕೇಳಿ. ಪಾಲಿಶ್ ಕಲ್ಲು ಇಳಿಜಾರಿನಲ್ಲಿ ಮಳೆ ಬಿದ್ದರೆ ಜಲ್ಲಿಗಿಂತ ಕೆಟ್ಟದು.

ಎರಡು ಕಡೆ ಮಾತ್ರ ಅಗಲ ಜಾಸ್ತಿ ಬೇಕು. ಮೇಲೆ ನೀವು ಗಾಡಿ ತಿರುಗಿಸಿ ನಿಲ್ಲಿಸೋ ಜಾಗ, ಕೆಳಗೆ ಗೇಟಿನ ಹತ್ತಿರ ನಿಂತು ರಸ್ತೆ ನೋಡೋ ಜಾಗ. ಎರಡೂ ಕಡೆ ನಾಲ್ಕು ನಾಲ್ಕು ಚಪ್ಪಡಿ ಚೌಕಕ್ಕೆ ಹಾಕಿಸಿ, ನಿಮ್ಮ ಪಾದ ಊರೋಕೂ ಗಟ್ಟಿ ಜಾಗ ಸಿಗುತ್ತೆ, ಸೈಡ್ ಸ್ಟ್ಯಾಂಡಿಗೂ ಸಿಗುತ್ತೆ.

ತಲಘಟ್ಟಪುರದವಳು:

ಮೇಸ್ತ್ರಿ ಅಣ್ಣ, ನಿಮ್ಮ ಬರಹವನ್ನ ಓನರ್‌ಗೆ ಓದಿ ಹೇಳಿದೆ. ನೀರು ಇಂಗೋದು ನಿಲ್ಲಲ್ಲ ಅಂದ ಕೂಡಲೇ ಅವರ ಮುಖ ಅರಳಿತು. ಹೊಸ ಮನೆಗೆ 30x40 ಸೈಟಿದ್ದರೂ ಮಳೆ ನೀರು ಕೊಯ್ಲು ಕಡ್ಡಾಯ ಅಂತ ಜಲಮಂಡಳಿ ನಿಯಮ ಬಂದಾಗಿನಿಂದ ಅವರಿಗೆ ಇದರ ಮೇಲೆ ತುಂಬಾ ಅಕ್ಕರೆ. ಕಲ್ಲಿನ ಖರ್ಚು ಅವರದು, ಕೂಲಿ ನಮ್ಮದು ಅಂತ ಮಾತಾಗಿದೆ. ಅವರ ಅಮ್ಮ ಕೋಲು ಹಿಡಿದು ಗೇಟಿನವರೆಗೆ ನಡೆಯೋರು, ಅವರಿಗೂ ಅದೇ ಪಟ್ಟಿ ಆಗುತ್ತೆ ಅಂತ ಸಂತೋಷಪಟ್ಟರು. ಜಲ್ಲಿ ಬಂದಾಗಿನಿಂದ ಆ ಅಜ್ಜಿ ಹೊರಗೆ ಬರೋದೇ ಬಿಟ್ಟಿದ್ದರು ಅನ್ನೋದು ನನಗೆ ಅವತ್ತೇ ಗೊತ್ತಾಗಿದ್ದು.

ಗ್ಯಾರೇಜ್ ಅಣ್ಣ, ಕ್ಲಚ್ ಬಿಟ್ಟು ಫಸ್ಟ್ ಗೇರಿನಲ್ಲಿ ಇಳಿಯೋದು ಅಭ್ಯಾಸ ಆಗ್ತಿದೆ. ಮೊಣಕೈ ಸಡಿಲ ಬಿಟ್ಟಿದ್ದೇ ದೊಡ್ಡ ವ್ಯತ್ಯಾಸ ತಂತು, ಹ್ಯಾಂಡಲ್ ಅಲ್ಲಾಡಿದರೂ ಗಾಡಿ ನೇರ ಹೋಗುತ್ತೆ. ಟಾರ್ ಮೇಲೆ ತಿರುವು ಮುಗಿಸಿಕೊಂಡು ಹತ್ತೋದರಿಂದ ಗುಂಡಿ ಬೀಳೋದೂ ನಿಂತಿದೆ. ಮಗಳು ನಡೆದೇ ಬರ್ತಾಳೆ. ಒಂದು ಕೊನೆಯ ಪ್ರಶ್ನೆ. ಗೇಟಿನಾಚೆ ಟಾರ್ ಮೇಲೆ ಕಾರಿನ ಚಕ್ರಕ್ಕೆ ಸಿಕ್ಕಿ ಬಂದ ಕಲ್ಲುಗಳು ಹರಡಿವೆ. ಅದರ ಮೇಲೂ ಇದೇ ರೀತಿ ಓಡಿಸಬೇಕಾ?

ಹಳೇ ಗ್ಯಾರೇಜು:

ಅದು ಬೇರೆ ಅಮ್ಮ, ಇನ್ನೂ ಹುಷಾರಾಗಿರಬೇಕಾದ್ದು. ಗಟ್ಟಿ ಟಾರ್ ಮೇಲೆ ಅಲ್ಲಲ್ಲಿ ಬಿದ್ದ ಕಲ್ಲು ಹೂಳೋದೂ ಇಲ್ಲ, ನಿಲ್ಲೋದೂ ಇಲ್ಲ, ಟೈರ್ ಅಡಿ ಹೊರಳುತ್ತೆ. ದಪ್ಪ ಜಲ್ಲಿ ಅಲ್ಲಾಡಿಸಿ ಮೊದಲೇ ಹೇಳುತ್ತೆ, ಇದು ಹೇಳದೇ ಜಾರಿಸುತ್ತೆ. ಬೆಂಗಳೂರಿನಲ್ಲಿ ಗುಂಡಿ ಮುಚ್ಚಿದ ಕಡೆ, ಮನೆ ಕಟ್ಟೋ ಕಡೆ ಎಲ್ಲ ಇದೇ ಕಥೆ. ಅದರ ಮೇಲೆ ವಾಲಿಸಬೇಡಿ, ಬ್ರೇಕ್ ಮುಟ್ಟಬೇಡಿ, ಮೊದಲೇ ನಿಧಾನ ಆಗಿ ನೇರ ದಾಟಿ. ನಿಮಗೆ ಗೊತ್ತಿದೆ, ದಾಟ್ತೀರಿ. ಗೊತ್ತಿಲ್ಲದೆ ಆ ರಸ್ತೆಯಲ್ಲಿ ಬರೋ ಹಾಲಿನ ಹುಡುಗನೋ ಡೆಲಿವರಿ ಹುಡುಗನೋ ಅಲ್ಲಿ ಬೀಳ್ತಾನೆ. ಅದಕ್ಕೇ ಕಾರು ಹೊರಗೆ ಹೋದಾಗೆಲ್ಲ ಕಡ್ಡಿ ಪೊರಕೆಯಿಂದ ಗೇಟಿನ ಮುಂದಿನ ಟಾರ್ ಗುಡಿಸಿ ಕಲ್ಲನ್ನ ಒಳಗೆ ಹಾಕಬೇಕು ಅಂತ ಓನರ್‌ಗೆ ಹೇಳಿ.

ಚಪ್ಪಡಿ ಮೇಸ್ತ್ರಿ:

ಅದಕ್ಕೂ ಒಂದು ಉಪಾಯ ಇದೆ. ಗೇಟಿನ ಒಳಗೆ ಚಪ್ಪಡಿ ಚೌಕ ಮುಗಿಯೋ ಕಡೆ, ದಾರಿಯ ಪೂರ್ತಿ ಅಗಲಕ್ಕೆ ಅಡ್ಡಲಾಗಿ ಒಂದು ಸಾಲು ಸೈಜ್‌ಗಲ್ಲು ಹೂಳಿಸಿ, ಜಲ್ಲಿಗಿಂತ ಒಂದಿಂಚು ಮೇಲೆ. ಚಪ್ಪಡಿ ಪಟ್ಟಿ ಬರೋ ಜಾಗದಲ್ಲಿ ಮಾತ್ರ ಅದನ್ನ ಚಪ್ಪಡಿಗೆ ಸಮ ಮಾಡಿ, ಬೈಕಿಗೆ ತಡೆಯಾಗಬಾರದು. ಇಳಿಜಾರಿನಲ್ಲಿ ಮಳೆ ನೀರಿನ ಜೊತೆ ಜಾರಿ ಬರೋ ಕಲ್ಲು ಅಲ್ಲೇ ನಿಲ್ಲುತ್ತೆ. ಕಾರಿನ ಟೈರಿಗೆ ಸಿಕ್ಕಿ ಬರೋದನ್ನ ಇದು ತಡೆಯಲ್ಲ, ಅದಕ್ಕೆ ಗ್ಯಾರೇಜ್ ಅಣ್ಣ ಹೇಳಿದ ಪೊರಕೆಯೇ. ಕೆಲಸವನ್ನ ಮಳೆ ಜೋರಾಗೋ ಮೊದಲೇ ಮುಗಿಸಿ, ಮಣ್ಣು ನೀರು ಕುಡಿದ ಮೇಲೆ ದಮ್ಮಸ್ ಸರಿಯಾಗಿ ಕೂರಲ್ಲ.